ಮಗಳ ಹರೆಯ ಅಂದ್ರೆ ನಮಗ್ಯಾಕೆ ಇಷ್ಟು ಭಯ?

ಸ್ವಲ್ಪ ಉದ್ದ ಬರೀತಿದ್ದೀನಿ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈಯಿರಿ.

ಹದಿನೈದು ದಿನದಿಂದ ನಮ್ಮ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ನನ್ನ ಬಗ್ಗೆ ಒಂದು ಮಾತು ಓಡಾಡ್ತಿದೆ. ಕಳಲೆಯಲ್ಲಿ ಅಕ್ಕ ಹೆಂಗಸರನ್ನ ಕೂಡಿಸಿಕೊಂಡು ಬೇಡದ ಸಿನಿಮಾ ತೋರಿಸ್ತಿದ್ದಾಳೆ, ಹೆಣ್ಮಕ್ಕಳ ತಲೆ ಕೆಡಿಸ್ತಿದ್ದಾಳೆ ಅಂತ. ಬರೆದವರಲ್ಲಿ ಹೊರಗಿನವರು ಯಾರೂ ಇಲ್ಲ. ನಂಜನಗೂಡಿನ ಬಸ್‌ಸ್ಟ್ಯಾಂಡಿನಿಂದ ತಾಲೂಕು ಕಚೇರಿವರೆಗೂ ನನ್ನ ಜೊತೆ ಘೋಷಣೆ ಕೂಗಿಕೊಂಡು ನಡೆದ ಅಣ್ಣಂದಿರೇ. ಅದಕ್ಕೇ ಗುಂಪಿನಲ್ಲಿ ಎರಡು ಸಾಲು ಹಾಕಿ ಮುಗಿಸೋ ಮನಸ್ಸಾಗಲಿಲ್ಲ.

ಆ ಸಿನಿಮಾ ಹೆಸರು 'ಗರ್ಲ್ಸ್ ವಿಲ್ ಬಿ ಗರ್ಲ್ಸ್'. ಶುಚಿ ತಲಾಟಿ ಅನ್ನೋ ನಿರ್ದೇಶಕಿ ಮಾಡಿದ್ದು. 2024ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, ಮಗಳ ಪಾತ್ರ ಮಾಡಿದ ಪ್ರೀತಿ ಪಾಣಿಗ್ರಾಹಿಗೆ ನಟನೆಗೆ ವಿಶೇಷ ಪ್ರಶಸ್ತಿ ಬಂತು. ತಾಯಿ ಪಾತ್ರ ಕನಿ ಕುಸೃತಿ. ಕತೆ ಹಿಮಾಲಯದ ತಪ್ಪಲಿನ ಒಂದು ಬೋರ್ಡಿಂಗ್ ಶಾಲೆಯದು. ಮೀರಾ ಅನ್ನೋ ಓದೋ ಹುಡುಗಿ. ಆ ಶಾಲೆಯಲ್ಲಿ ಮುಖ್ಯ ನಾಯಕಿಯಾದ ಮೊದಲ ಹೆಣ್ಣು. ಹೊಸದಾಗಿ ಬಂದ ಹುಡುಗನೊಬ್ಬನ ಮೇಲೆ ಅವಳಿಗೆ ಪ್ರೀತಿ ಆಗುತ್ತೆ. ಮಗಳ ಪರೀಕ್ಷೆ ಅಂತ ಪಕ್ಕದ ಊರಲ್ಲೇ ಬಂದು ಉಳಿದುಕೊಂಡಿರೋ ತಾಯಿಗೆ ಇದು ಗೊತ್ತಾಗುತ್ತೆ. ತಾಯಿ ಬೈದು ಹೊಡೆದು ಮಾಡಲ್ಲ. ಹುಡುಗನನ್ನ ಮನೆಗೇ ಕರೀತಾಳೆ, ತನ್ನ ಕಣ್ಣೆದುರೇ ಕೂರಿಸ್ತಾಳೆ. ಕೂರಿಸ್ತಾ ಕೂರಿಸ್ತಾ ಅವನ ಮಾತು, ಅವನು ಕೊಡೋ ಗಮನ ತಾಯಿಗೇ ಹಿತ ಆಗೋಕೆ ಶುರುವಾಗುತ್ತೆ. ಚಿಕ್ಕ ವಯಸ್ಸಿಗೆ ಮದುವೆಯಾಗಿ, ಗಂಡ ಅನ್ನೋನು ಕಣ್ಣೆತ್ತಿ ನೋಡದೆ ಹೋದ ಹೆಂಗಸು ಅವಳು. ಒಂದೇ ಮನೆಯಲ್ಲಿ ಎರಡು ಹರೆಯ. ಒಂದು ಈಗ ಬಂದಿರೋದು, ಇನ್ನೊಂದು ಬರದೇ ಹೋಗಿದ್ದು.

ಇದನ್ನ ನಾನು ತೋರಿಸಿದ್ದು ಸಣ್ಣ ಮಕ್ಕಳಿಗಲ್ಲ. ನಮ್ಮ ಸಂಘದ ತಾಯಂದಿರಿಗೆ, ಮತ್ತೆ ಡಿಗ್ರಿ ಓದೋ ಕೆಲವು ಹುಡುಗೀರಿಗೆ. ಸಿನಿಮಾ ಇಂಗ್ಲಿಷು-ಹಿಂದಿಯಲ್ಲಿದೆ, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ. ನಡುವೆ ಎರಡು ಸಲ ಕರೆಂಟು ಹೋಯ್ತು. ಒಟ್ಟಲ್ಲಿ ಎರಡು ಗಂಟೆ ಸಿನಿಮಾ ನಾಲ್ಕು ಗಂಟೆ ಆಯ್ತು. ಅದರಲ್ಲಿ ಎರಡು ಗಂಟೆ ಹೆಂಗಸರು ಆಡಿದ ಮಾತು. ನನಗೆ ಬೇಕಾಗಿದ್ದಿದ್ದೂ ಅದೇ.

ಮೊದಲನೇ ಮಾತು ಬಂದಿದ್ದು ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ. "ಅಲ್ಲ ಕನವ್ವ, ಆ ಮಗೀಗೆ ಒಬ್ಳಿಗೇ ಒಂದು ರೂಮಾ? ಅದ್ಕೆ ಬಾಗ್ಲು ಬೇರೆಯಾ?" ಎಲ್ಲರೂ ನಕ್ಕರು. ಆದ್ರೆ ಈ ಸಿನಿಮಾ ಬಗ್ಗೆ ಬಂದಿರೋ ದೊಡ್ಡ ದೊಡ್ಡ ವಿಮರ್ಶೆಗಳಲ್ಲಿ ನನಗೆ ಸಿಗದ ಪ್ರಶ್ನೆ ಅದು. ಇಡೀ ಕತೆ ನಿಂತಿರೋದು ಆ ಬಾಗಿಲ ಮೇಲೆ. ಮಗಳು ಮುಚ್ಚಿಕೊಳ್ಳೋಕೆ ಒಂದು ಬಾಗಿಲಿದೆ, ತಾಯಿ ತಟ್ಟೋಕೆ ಒಂದು ಬಾಗಿಲಿದೆ. ನಮ್ಮ ಕೇರಿಗಳಲ್ಲಿ ವಸತಿ ಯೋಜನೆಯಲ್ಲಿ ಕಟ್ಟಿದ ಮನೆ ಅಂದ್ರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೊಂದು ಬಚ್ಚಲು. ಅಷ್ಟರಲ್ಲಿ ಅಪ್ಪ, ಅವ್ವ, ಅಜ್ಜಿ, ಅಣ್ಣ, ಅಣ್ಣನ ಹೆಂಡ್ತಿ. ಹರೆಯದ ಹುಡುಗಿ ಕನ್ನಡಿ ಮುಂದೆ ಎರಡು ನಿಮಿಷ ಜಾಸ್ತಿ ನಿಂತರೂ ನಾಲ್ಕು ಜನಕ್ಕೆ ಗೊತ್ತಾಗುತ್ತೆ. ಫೋನಲ್ಲಿ ಮಾತಾಡಬೇಕು ಅಂದ್ರೆ ನೀರಿನ ಟ್ಯಾಂಕ್ ಹತ್ರ ಹೋಗಬೇಕು. ಹೋದ್ರೆ ಊರಿಗೇ ಗೊತ್ತಾಗುತ್ತೆ.

ಎರಡನೇ ಮಾತು: "ಆಯಮ್ಮ ಕೆಲ್ಸಕ್ಕೆ ಹೋಗಕ್ಕಿಲ್ವಾ?" ಹೋಗಲ್ಲ. ಮಗಳ ಓದು ಕಾಯೋದೇ ಅವಳ ಕೆಲಸ. ನಮ್ಮ ತಾಯಂದಿರು ಬೆಳಗ್ಗೆ ಆರಕ್ಕೆ ನಾಟಿಗೋ ಕಳೆ ಕೀಳೋಕೋ ಹೋದ್ರೆ ಬರೋದು ಸಂಜೆ. ವಯಸ್ಸಿರೋರು ಗಾರ್ಮೆಂಟ್ಸ್ ವ್ಯಾನ್ ಹತ್ತಿಕೊಂಡು ಹೋಗ್ತಾರೆ. ಮಗಳನ್ನ ಕಾಯೋಕೆ ಅವರಿಗೆ ಟೈಮಿಲ್ಲ. ಹಾಗಾಗಿ ನಮ್ಮಲ್ಲಿ ಮಗಳನ್ನ ಕಾಯೋದು ತಾಯಿಯಲ್ಲ, ಕೇರಿ. ಟೀ ಅಂಗಡಿ ಬೆಂಚು ಕಾಯುತ್ತೆ. ಅಣ್ಣನ ಫ್ರೆಂಡ್ಸು ಕಾಯ್ತಾರೆ. ಏನಾದ್ರೂ ಆದಾಗ ಮಾತ್ರ "ತಾಯಿ ಏನು ಮಾಡ್ತಿದ್ಲು?" ಅಂತ ಕೇಳ್ತಾರೆ. ಕಾಯೋ ಅಧಿಕಾರ ಎಲ್ಲರಿಗೂ, ಹೊಡೆತ ಒಬ್ಬಳಿಗೆ.

ಕೊನೇಲಿ ಮಗಳು ತಾಯಿಯ ತಲೆಗೆ ಎಣ್ಣೆ ಹಚ್ಚೋ ದೃಶ್ಯ ಇದೆ. ಅಲ್ಲಿ ನಾನು ಅನುವಾದ ಮಾಡೋದು ಏನೂ ಇರಲಿಲ್ಲ. ನಮ್ಮಲ್ಲಿ ತಾಯಿ ಮಗಳು ಮಾತಾಡೋದೇ ತಲೆ ನೋಡೋವಾಗ. ಭಾನುವಾರ ಮಧ್ಯಾಹ್ನ ಜಗುಲಿ ಮೇಲೆ ಕೂತು ಹೇನು ಹೆಕ್ಕೋ ಹೊತ್ತಲ್ಲಿ ಮುಖ ಮುಖ ನೋಡೋ ಹಂಗಿರಲ್ಲ ನೋಡಿ, ಅದಕ್ಕೇ ಏನು ಬೇಕಾದ್ರೂ ಹೇಳಬಹುದು. ಒಬ್ಬ ತಾಯಿ ಎದ್ದು ಹೋಗೋವಾಗ ಅಂದ್ಲು: "ನನ್ ಮಗಳ ತಲೆ ನೋಡಿ ವರ್ಸ ಆಯ್ತು ಕನಕ್ಕ. ಮುಟ್ಟುಸ್ಕಳಕ್ಕಿಲ್ಲ ಈಗ." ಅಷ್ಟೇ ಅಂದು ಹೋದ್ಲು.

ಇದಾದ ಮೇಲೆ ನಡೆದಿದ್ದು ಮುಖ್ಯ. ಊರಿನ ಹೆಸರು ಬರೆಯಲ್ಲ, ಯಾರೂ ಊಹೆ ಮಾಡೋಕೂ ಹೋಗಬೇಡಿ. ಅವತ್ತು ಬಂದಿದ್ದ ತಾಯಂದಿರಲ್ಲಿ ಒಬ್ಬಳಿಗೆ ಸೆಕೆಂಡ್ ಪಿಯುಸಿ ಓದೋ ಮಗಳು. ಹುಡುಗಿ ಒಬ್ಬ ಹುಡುಗನ ಜೊತೆ ಫೋನಲ್ಲಿ ಮಾತಾಡ್ತಿರೋದು ತಾಯಿಗೆ ಗೊತ್ತಾಯ್ತು. ತಾಯಿ ಫೋನ್ ಕಿತ್ತು ಒಡೀಲಿಲ್ಲ. ಯಾರು, ಏನು, ಎಲ್ಲಿಯವನು ಅಂತ ಕೂರಿಸಿ ಕೇಳಿದ್ಲು. ಪರೀಕ್ಷೆ ಮುಗೀಲಿ, ಆಮೇಲೆ ಮಾತಾಡೋಣ ಅಂದ್ಲು. ಇದು ಗಂಡನ ಕಿವಿಗೆ ಬಿತ್ತು, ಗಂಡನಿಂದ ಯಜಮಾನರಿಗೆ ಬಿತ್ತು. ಅಂಬೇಡ್ಕರ್ ಭವನದಲ್ಲಿ, ಬಾಬಾಸಾಹೇಬರ ಫೋಟೋ ಕೆಳಗೆ ಕೂತು ಪಂಚಾಯ್ತಿ ಮಾಡಿದ್ರು. ಹುಡುಗಿ ಕಾಲೇಜು ನಿಲ್ಲಿಸೋದು, ಗಂಡು ನೋಡೋದು. ತಾಯಿಗೆ "ಸಿನಿಮಾ ನೋಡಿ ಕಲ್ತಿದ್ದೀಯ" ಅಂತ ಬೈಗುಳ. ಅಲ್ಲಿ ಕೂತಿದ್ದವರಲ್ಲಿ ಇಬ್ಬರು ನಮ್ಮ ಸಂಘಟನೆಯವರು.

ಅಂದ್ರೆ ಏನಾಯ್ತು ನೋಡಿ. ತಾಯಿ ಹೊಡೆದಿದ್ರೆ ಸುದ್ದಿಯೇ ಆಗ್ತಿರಲಿಲ್ಲ. ಮಗಳ ಹತ್ರ ಮಾತಾಡಿದ್ದು ತಪ್ಪಾಯ್ತು.

ಇನ್ನು ಕೆಲವು ಅಣ್ಣಂದಿರ ವಾದ ಸ್ವಲ್ಪ ಓದಿಕೊಂಡ ವಾದ. "ಅದು ಮೇಲ್ಜಾತಿ ಹುಡುಗೀರ ಸಮಸ್ಯೆ ಅಕ್ಕ. ನಮಗೆ ಭೂಮಿ, ಮೀಸಲಾತಿ, ಒಳಮೀಸಲಾತಿ, ಬ್ಯಾಕ್‌ಲಾಗ್ ಹುದ್ದೆ ಇದೆಯಲ್ಲ." ಅರ್ಧ ಒಪ್ಪುತೀನಿ. ಆ ಸಿನಿಮಾದಲ್ಲಿ ಯಾರೂ ಯಾರ ಜಾತಿಯನ್ನೂ ಕೇಳಲ್ಲ. ಕೇಳೋ ಅಗತ್ಯ ಇಲ್ಲದಷ್ಟು ಎಲ್ಲರೂ ಒಂದೇ ಕಡೆಯವರು. 2025ರಲ್ಲಿ ಬಂದ ತಮಿಳಿನ 'ಬ್ಯಾಡ್ ಗರ್ಲ್' ಸಿನಿಮಾದ ಹುಡುಗಿಯೂ ಬ್ರಾಹ್ಮಣರ ಮನೆಯವಳೇ. ಹೆಣ್ಣಿನ ಹರೆಯ ಅನ್ನೋದನ್ನ ಕ್ಯಾಮೆರಾ ಹತ್ತಿರದಿಂದ ನೋಡಬೇಕು ಅಂದ್ರೆ ಆ ಹುಡುಗಿ ಸವರ್ಣ ಮನೆಯಲ್ಲಿ ಹುಟ್ಟಿರಬೇಕು ಅನ್ನೋ ಹಾಗಿದೆ. ಇದು ನನ್ನ ಸಿಟ್ಟು ಕೂಡ. ಆದ್ರೆ ಅಣ್ಣಂದಿರು ಈ ಸಿಟ್ಟನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದಾರೆ? ನಮ್ಮ ಹುಡುಗೀರ ಸಿನಿಮಾ ಬರಲಿ ಅನ್ನೋ ಕಡೆಗಲ್ಲ. ಹರೆಯ ಅನ್ನೋದೇ ನಮ್ಮ ಹುಡುಗೀರಿಗೆ ಬೇಡ ಅನ್ನೋ ಕಡೆಗೆ.

ನಮ್ಮ ಹುಡುಗರಿಗೆ ಹರೆಯ ಸಿಕ್ಕಿದೆ ಗೊತ್ತಾ. ನಾಗರಾಜ ಮಂಜುಳೆಯ 'ಫಂಡ್ರಿ' ನಾವೇ ಊರೂರಲ್ಲಿ ತೋರಿಸಿದ್ದೀವಿ. ಜಬ್ಯಾ ಅನ್ನೋ ಹುಡುಗ ಶಾಲೂ ಅನ್ನೋ ಹುಡುಗಿ ಹಿಂದೆ ಕರಿಹಕ್ಕಿ ಹುಡುಕ್ಕೊಂಡು ಅಲೆಯೋದನ್ನ ನೋಡಿ ಅತ್ತಿದ್ದೀವಿ. ಕೊನೆಯಲ್ಲಿ ಅವನು ಬೀಸೋ ಕಲ್ಲಿಗೆ ಚಪ್ಪಾಳೆ ಹೊಡೆದಿದ್ದೀವಿ. ಅವನ ಪ್ರೀತಿ ಯಾಕೆ, ಮೊದಲು ಭೂಮಿ ಸಿಗಲಿ ಅಂತ ಯಾರೂ ಹೇಳಲಿಲ್ಲ. ಆ ಸಿನಿಮಾದಲ್ಲಿ ಜಬ್ಯಾಗೆ ಅಕ್ಕ ಇದ್ದಾಳೆ. ಅವಳ ಮದುವೆಯ ವರದಕ್ಷಿಣೆಗೆ ದುಡ್ಡು ಬೇಕು ಅಂತಲೇ ಅಪ್ಪ ಹಂದಿ ಹಿಡಿಯೋಕೆ ಒಪ್ಪೋದು. ಅವಳ ಮನಸ್ಸಲ್ಲಿ ಏನಿದೆ? ಸಿನಿಮಾ ಅಲ್ಲಿಗೆ ಹೋಗಲ್ಲ. ಮಾರಿ ಸೆಲ್ವರಾಜ್ ಅವರ 'ವಾಳೈ' 2024ರದ್ದು, ತಮ್ಮದೇ ಬಾಲ್ಯದ ನೆನಪಿಂದ ಮಾಡಿದ್ದು. ತಾಯಿ-ಮಗನ ಕತೆ, ಬಾಳೆಗೊನೆ ಹೊರೋ ಕೂಲಿಯ ಕತೆ. ನೋಡಿದವತ್ತು ನನಗೆ ಅನ್ನ ಸೇರಲಿಲ್ಲ. ಅಲ್ಲೂ ಅಕ್ಕ ಇದ್ದಾಳೆ, ಅವಳಿಗೂ ಒಂದು ಪ್ರೀತಿ ಇದೆ. ಆ ಅಕ್ಕ ಲಾರಿ ದುರಂತದ ಹೆಣಗಳ ನಡುವೆ ಸಿಗ್ತಾಳೆ. ಎರಡೂ ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎರಡರಲ್ಲೂ ತಮ್ಮ ಬೆಳೀತಾನೆ, ಅಕ್ಕ ಅವನ ಬೆಳವಣಿಗೆಗೆ ಕಾರಣ ಆಗ್ತಾಳೆ.

ಪುಸ್ತಕದಲ್ಲೂ ಹೀಗೇ. ಸಿದ್ದಲಿಂಗಯ್ಯನವರ 'ಊರುಕೇರಿ', ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿಯೇ ನಾವೆಲ್ಲ ತಲೆ ಎತ್ತಿದ್ದು. ಆ ಹುಡುಗರು ಹೇಗೆ ಹಸಿದರು, ಹೇಗೆ ಓದಿದರು, ಯಾರನ್ನ ಇಷ್ಟಪಟ್ಟರು ಎಲ್ಲ ನಮಗೆ ಬಾಯಿಪಾಠ. ಅದೇ ಕೇರಿಯಲ್ಲಿ ಅದೇ ವರ್ಷಗಳಲ್ಲಿ ಬೆಳೆದ ಒಬ್ಬ ಹುಡುಗಿಯ ಬಗ್ಗೆ ನಿಮಗೆಷ್ಟು ಗೊತ್ತು, ಹೇಳಿ?

ಕನ್ನಡ ಸಿನಿಮಾಕ್ಕೆ ಬರೋಣ. ನಮ್ಮ ಹುಡುಗಿ ತೆರೆಗೆ ಬಂದಿದ್ದೇ ಇಲ್ಲ ಅಂತಲ್ಲ. 1975ರ 'ಚೋಮನ ದುಡಿ'. ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಆ ವರ್ಷದ ಸ್ವರ್ಣಕಮಲ. ಚೋಮನ ಮಗಳು ಬೆಳ್ಳಿ. ಅಪ್ಪನ ಸಾಲ ತೀರಿಸೋಕೆ ಕಾಫಿ ತೋಟಕ್ಕೆ ಹೋಗೋಳು ಅವಳು, ಅಲ್ಲಿ ತೋಟದವರ ಕೈಗೆ ಸಿಕ್ಕಿಕೊಳ್ಳೋಳು ಅವಳು. ಬೆಳ್ಳಿಗೆ ತಾಯಿ ಇಲ್ಲ. ಇದನ್ನ ನಾನು ಬಹಳ ವರ್ಷ ಗಮನಿಸಿರಲೇ ಇಲ್ಲ. ಅವಳಿಗೆ ಏನನ್ನಿಸಿತು ಅಂತ ಹೇಳಿಕೊಳ್ಳೋಕೆ ಆ ಗುಡಿಸಲಲ್ಲಿ ಒಂದು ಹೆಣ್ಣು ಜೀವ ಇಲ್ಲ. ಇರೋದೆಲ್ಲ ಅಪ್ಪನ ದುಡಿ. ಅಪ್ಪನ ದುಃಖ ಎಷ್ಟು ದೊಡ್ಡದು ಅಂದ್ರೆ ಮಗಳ ದುಃಖಕ್ಕೆ ಶಬ್ದವೇ ಇಲ್ಲ.

ತಾಯಿ-ಮಗಳ ಸಿನಿಮಾ ಅಂದ್ರೆ ನಮ್ಮ ಜಿಲ್ಲೆಯವರದ್ದೇ ಇದೆ. ಪಿರಿಯಾಪಟ್ಟಣ ತಾಲೂಕು ಕಣಗಾಲಿನ ಪುಟ್ಟಣ್ಣನವರ 'ಗೆಜ್ಜೆಪೂಜೆ', 1969. ಎಂ.ಕೆ. ಇಂದಿರಾ ಅವರ ಕಾದಂಬರಿ. ಕಲ್ಪನಾ ಮಗಳು ಚಂದ್ರಾ. ಕಲಾವಂತರ ಮನೆಯಲ್ಲಿ ಬೆಳೆದ ತಾಯಿಗೆ ಒಂದೇ ಆಸೆ, ಮಗಳ ಕಾಲಿಗೆ ಗೆಜ್ಜೆ ಬೀಳೋದು ಬೇಡ, ಕೊರಳಿಗೆ ತಾಳಿ ಬೀಳಲಿ. ನಾನು ಇದನ್ನ ಮೊದಲು ನೋಡಿದ್ದು ದೂರದರ್ಶನದಲ್ಲಿ, ಊರಿಗೆ ಎರಡೋ ಮೂರೋ ಟೀವಿ ಇದ್ದ ಕಾಲದಲ್ಲಿ, ಯಾರದೋ ಮನೆ ಕಿಟಕಿ ಹೊರಗೆ ನಿಂತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದು ನೆನಪಿದೆ. ಈಗ ನೋಡಿದ್ರೆ ಬೇರೆಯದೇ ಕಾಣುತ್ತೆ. ಚಂದ್ರಾಳ ಮುಂದೆ ಇರೋದು ಎರಡೇ ದಾರಿ, ಗೆಜ್ಜೆ ಇಲ್ಲಾಂದ್ರೆ ತಾಳಿ. ಎರಡನ್ನೂ ಕಟ್ಟೋರು ಬೇರೆಯವರು. ಪ್ರೀತಿಸಿದವನೇ ಅನುಮಾನ ಪಡ್ತಾನೆ, ಮದುವೆ ಮುರಿಯುತ್ತೆ, ಹುಡುಗಿ ಸಾಯ್ತಾಳೆ. ತಾಯಿ ಎಷ್ಟು ಒಳ್ಳೆಯವಳು ಅಂದ್ರೂ, ನಿನಗೇನು ಬೇಕವ್ವ ಅನ್ನೋ ಪ್ರಶ್ನೆಗೆ ಮದುವೆ ಬಿಟ್ಟು ಇನ್ನೊಂದು ಉತ್ತರ ಇರಬಹುದು ಅಂತ ಆ ಸಿನಿಮಾಕ್ಕೆ ಹೊಳೆಯೋದೇ ಇಲ್ಲ. ಇನ್ನೊಂದು ವಿಷಯ: ಆ ಸಿನಿಮಾದ ಮನೆಯನ್ನ ನೋಡಿ ಅತ್ತವರಿಗೆ, ಸವದತ್ತಿ ಗುಡ್ಡದ ಕಡೆ ಮುತ್ತು ಕಟ್ಟಿಸಿಕೊಂಡ ಹುಡುಗೀರು ಬಹುಪಾಲು ನಮ್ಮವರೇ ಅಂತ ಗೊತ್ತಾಗೋ ಹಾಗಿರಲಿಲ್ಲ. ದೇವದಾಸಿ ನಿಷೇಧ ಕಾಯ್ದೆ ಬಂದಿದ್ದು 1982ರಲ್ಲಿ. ಅದು ಬಂದು ಕಾಲು ಶತಮಾನ ಆದ ಮೇಲೆ, 2007-08ರ ಸರ್ಕಾರಿ ಸಮೀಕ್ಷೆಯ ಹೊತ್ತಿಗೆ ಒಟ್ಟು 46,660 ಜನ ಲೆಕ್ಕಕ್ಕೆ ಸಿಕ್ಕಿದ್ರು. ಅವರಲ್ಲಿ ಎಷ್ಟು ತಾಯಂದಿರು, ಎಷ್ಟು ಮಗಳಂದಿರು ಲೆಕ್ಕ ಹಾಕಿ. ಆ ತಾಯಿ-ಮಗಳ ಸಿನಿಮಾ ಎಲ್ಲಿ?

ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' 2022ರಲ್ಲಿ ಬಂತು. ಗೋವಾ ಚಿತ್ರೋತ್ಸವದಲ್ಲಿ ಭಾರತೀಯ ಪನೋರಮಾದ ಮೊದಲ ಸಿನಿಮಾ ಆಯ್ತು. ಇಬ್ಬರು ಪಿಯುಸಿ ಮಕ್ಕಳು, ಅವರೇ ಮಾಡಿಕೊಂಡ ಒಂದು ವಿಡಿಯೋ ಹೊರಗೆ ಹೋಗುತ್ತೆ. ಹುಡುಗ ಬ್ರಾಹ್ಮಣರ ಮನೆಯವನು, ಹುಡುಗಿ ಕೆಳಜಾತಿ ಅನ್ನಿಸಿಕೊಂಡ ಬಡವರ ಮನೆಯವಳು. ಒಂದೇ ತಪ್ಪು ಅಂತ ಕರೆದು, ಎರಡು ಮನೆಗೆ ಎರಡು ತೂಕದ ಶಿಕ್ಷೆ ಹೇಗೆ ಬೀಳುತ್ತೆ ಅಂತ ಈ ಸಿನಿಮಾ ತೋರಿಸೋ ಹಾಗೆ ಕನ್ನಡದಲ್ಲಿ ಇನ್ಯಾರೂ ತೋರಿಸಿಲ್ಲ ಅನ್ನಿಸುತ್ತೆ ನನಗೆ. ಎಲ್ಲರೂ ನೋಡಬೇಕು. ಆದ್ರೂ ನನ್ನ ಹಳೇ ತಕರಾರು ಉಳಿಯುತ್ತೆ. ನಮ್ಮ ಹುಡುಗಿ ತೆರೆಗೆ ಬರೋಕೆ ಒಂದು ಪ್ರಕರಣ ಆಗಬೇಕಾ? ವಿಚಾರಣೆ, ಕಮಿಟಿ, ವಕೀಲರು ಇಲ್ಲದೆ ಸುಮ್ಮನೆ ಕಾಲೇಜಿಗೆ ಹೋಗಿ ಬಂದು, ಯಾರನ್ನೋ ಇಷ್ಟಪಟ್ಟು, ಆಮೇಲೆ ಅವನು ಬೋರಾಗಿ, ಅವ್ವನ ಜೊತೆ ಜಗಳ ಆಡಿ ಊಟ ಬಿಟ್ಟು ಮಲಗೋ ಒಬ್ಬ ಹುಡುಗಿಯ ಕತೆ ನಮಗೆ ಬೇಡ್ವಾ?

ನನಗೆ ಹತ್ತಿರ ಅನ್ನಿಸಿದ್ದು ಚಂಪಾ ಶೆಟ್ಟಿಯವರ 'ಕೋಳಿ ಎಸ್ರು'. ಕಾ.ತ. ಚಿಕ್ಕಣ್ಣನವರ ಕತೆ, ಅಕ್ಷತಾ ಪಾಂಡವಪುರ ತಾಯಿ. ಮಗಳಿಗೆ ಕೋಳಿ ಎಸ್ರು ತಿನ್ನೋ ಆಸೆ, ತಾಯಿಗೆ ಅದನ್ನ ಹೇಗಾದ್ರೂ ಈಡೇರಿಸೋ ಹಟ. ಅಷ್ಟೇ ಕತೆ. ಮಗಳು ಇನ್ನೂ ಚಿಕ್ಕವಳು, ಹರೆಯ ಬಂದಿಲ್ಲ. ಆದ್ರೆ ಮಗಳ ಆಸೆಯನ್ನ ಆಸೆ ಅಂತಲೇ ತಗೊಂಡು, ಅದಕ್ಕೋಸ್ಕರ ಊರೆಲ್ಲ ತಿರುಗೋ ತಾಯಿ ಅದರಲ್ಲಿದ್ದಾಳೆ. ನಮ್ಮ ದೇವನೂರರ 'ಒಡಲಾಳ'ದಲ್ಲಿ ಇಡೀ ಮನೆ ಸೇರಿ ರಾತ್ರಿಯೆಲ್ಲ ಕಡ್ಲೆಕಾಯಿ ತಿನ್ನೋದು ನೆನಪಾಯ್ತು. ಸಾಕವ್ವನ ಬಾಯಿ ಎಷ್ಟು ಜೋರು, ಆದ್ರೆ ತಿನ್ನೋ ಮಕ್ಕಳ ಕೈ ಅವಳು ಹಿಡಿಯಲ್ಲ. ನಂಜನಗೂಡು ಸೀಮೆಯವರೇ ಬರೆದದ್ದು, ನಮ್ಮ ಮಾತಲ್ಲೇ ಬರೆದದ್ದು. ಹೊಟ್ಟೆ ಹಸಿವಿಗೆ ಅಷ್ಟು ಜಾಗ ಕೊಟ್ಟ ನಾವು, ಮನಸ್ಸಿನ ಹಸಿವು ಬಂದಾಗ ಯಾಕೆ ಯಜಮಾನರನ್ನ ಕರೀತೀವಿ?

ತಾಯಂದಿರ ಬಿಗಿಯನ್ನ ನಾನು ಹಗುರ ಮಾಡ್ತಿಲ್ಲ. ಅದಕ್ಕೆ ಕಾರಣ ಇದೆ, ಅದು ಸವರ್ಣ ತಾಯಿಯ ಕಾರಣ ಅಲ್ಲ. 1993ರ ಮಾರ್ಚಲ್ಲಿ ಬದನವಾಳಲ್ಲಿ ನಮ್ಮವರು ಮೂವರನ್ನ ಕೊಂದಾಗ ನಾನು ಪ್ರೈಮರಿಯಲ್ಲಿದ್ದೆ. ದೇವಸ್ಥಾನದ ಒಳಗೆ ಕಾಲಿಟ್ಟಿದ್ದಕ್ಕೆ ಶುರುವಾದ ದ್ವೇಷ ಎಲ್ಲಿಗೆ ಮುಟ್ಟಿತು ಅಂತ ಈ ಸೀಮೆಯ ಪ್ರತಿ ಮನೆಗೂ ಗೊತ್ತು. ಆಮೇಲೆ ಎಷ್ಟೋ ವರ್ಷ ನಮ್ಮವ್ವ ಸಂಜೆ ದೀಪ ಹಚ್ಚೋ ಹೊತ್ತಿಗೆ ನನ್ನ ಹೆಸರು ಕೂಗ್ತಿದ್ಲು. ಸ್ವಲ್ಪ ತಡ ಆದ್ರೆ ಬರಲು ತಗೋತಿದ್ಲು. "ಊರೋರ ಗದ್ದೆ ಬದೀಲಿ ಯಾಕ್ ಬಂದೆ? ರೋಡಲ್ಲಿ ಬರಕ್ಕಾಗಕ್ಕಿಲ್ವಾ?" ಆಗ ನನಗೆ ಅವ್ವ ಶತ್ರು ಥರ ಕಾಣ್ತಿದ್ಲು. ಮೀರಾಳ ತಾಯಿ ಕಾಯೋದು ಮಗಳ ಹೆಸರನ್ನ. ನಮ್ಮವ್ವ ಕಾಯ್ತಿದ್ದಿದ್ದು ನನ್ನ ಜೀವಾನ. ಗದ್ದೆ ಬದು ಯಾರದ್ದು, ಆ ಹೊತ್ತಲ್ಲಿ ಅಲ್ಲಿ ಯಾರಿರ್ತಾರೆ, ಏನಾದ್ರೂ ಆದ್ರೆ ಸ್ಟೇಷನ್ನಲ್ಲಿ ಯಾರ ಮಾತು ನಡೆಯುತ್ತೆ ಅನ್ನೋ ಲೆಕ್ಕ ಅವಳ ಬರಲಲ್ಲಿತ್ತು. ಈ ವ್ಯತ್ಯಾಸ ಯಾವ ಸಿನಿಮಾದವರೂ ಇನ್ನೂ ಮುಟ್ಟಿಲ್ಲ. ನಮ್ಮ ಹುಡುಗೀರೇ ಕ್ಯಾಮೆರಾ ಹಿಡಿದಾಗ ಬರಬಹುದೇನೋ.

ಭಯ ಸುಳ್ಳಲ್ಲ ಅನ್ನೋಕೆ ದೂರ ಹೋಗಬೇಕಿಲ್ಲ. 2022ರ ಜೂನಲ್ಲಿ, ಪುಟ್ಟಣ್ಣನವರ ಅದೇ ಪಿರಿಯಾಪಟ್ಟಣ ತಾಲೂಕಲ್ಲಿ, ಪಿಯುಸಿ ಓದೋ ಹದಿನೇಳರ ಹುಡುಗಿ ಸತ್ತಳು. ಬೇರೆ ಜಾತಿಯವಳು, ಪ್ರೀತಿಸಿದ್ದು ನಮ್ಮ ಹುಡುಗನನ್ನ. ಕೊಂದ ಆರೋಪದಲ್ಲಿ ಒಳಗೆ ಹೋಗಿದ್ದು ಹೆತ್ತ ತಂದೆ. ಅವತ್ತು ನಾವು ಮೈಸೂರಲ್ಲಿ ಮರ್ಯಾದೆ ಹತ್ಯೆ ವಿರುದ್ಧ ನಿಂತ್ವಿ. ಹೆಣ್ಣಿನ ಮನಸ್ಸು ಅವಳದ್ದು ಅಂತ ಭಾಷಣ ಮಾಡಿದ್ವಿ. ಪ್ರಬಲ ಜಾತಿ ಮನೆಯ ಹುಡುಗಿಗೆ ಮನಸ್ಸಿದೆ, ಅದನ್ನ ಅವಳ ಅಪ್ಪ ಗೌರವಿಸಬೇಕು ಅಂತ ಮೈಕಲ್ಲಿ ಹೇಳೋ ನಾವು, ನಮ್ಮ ಮನೆ ಹುಡುಗಿ ಫೋನಲ್ಲಿ ಮಾತಾಡಿದ್ರೆ ಕಾಲೇಜು ಬಿಡಿಸ್ತೀವಿ. ಕೊಲ್ಲಲ್ಲ, ಸರಿ. ಅಷ್ಟು ಸಾಕಾ?

ಕಾನೂನಿನ ಮಾತು ಎತ್ತಿದ್ರು ಒಬ್ಬರು. ಪೋಕ್ಸೊ ಇದೆ, ಹದಿನೆಂಟು ತುಂಬದೆ ಪ್ರೀತಿ ಗೀತಿ ಅಂದ್ರೆ ಹುಡುಗರು ಜೈಲಿಗೆ ಹೋಗ್ತಾರೆ ಅಂತ. ಹೌದು. 2012ರ ಆ ಕಾಯ್ದೆ ಮಕ್ಕಳನ್ನ ಕಾಯೋಕೆ ಬಂದದ್ದು, ಬೇಕಾದದ್ದು. ಅದೇ ಕಾಯ್ದೆ, ನಮ್ಮ ಹುಡುಗ ಬೇರೆ ಜಾತಿ ಹುಡುಗಿ ಜೊತೆ ಓಡಾಡಿದಾಗ ಮೊದಲು ಬೀಳೋ ದೊಣ್ಣೆಯೂ ಆಗಿದೆ. ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರಲ್ಲಿ ಈ ವಯಸ್ಸಿನ ಪ್ರಶ್ನೆ ಯೋಚನೆ ಮಾಡಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು, 2023ರಲ್ಲಿ ಆಯೋಗ ಹದಿನೆಂಟನ್ನ ಇಳಿಸೋದು ಬೇಡ ಅಂತು. ಆ ಚರ್ಚೆ ನಡೀಲಿ. ಆದ್ರೆ ಪೋಕ್ಸೊ ಹೆಸರು ಹೇಳಿ ಮಗಳ ಫೋನ್ ಕಿತ್ತುಕೊಂಡವರು, ಅದೇ ಹದಿನೇಳರ ಮಗಳಿಗೆ ಗಂಡು ಹುಡುಕ್ತಿದ್ದಾರಲ್ಲ, ಅದು ಯಾವ ಕಾನೂನು? ಕರ್ನಾಟಕದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಗೇ ಅಸಿಂಧು. ಮಾಡಿಸಿದವರು, ಓಡಾಡಿದವರು, ಊಟ ಬಡಿಸಿದವರ ಮೇಲೂ ಕೇಸಾಗಬಹುದು. ಇದನ್ನ ಬೆದರಿಕೆ ಅಂದುಕೊಳ್ಳೋರು ಅಂದುಕೊಳ್ಳಿ.

ಬಾಬಾಸಾಹೇಬರ ಹೆಸರಲ್ಲಿ ಕಟ್ಟಿದ ಭವನದಲ್ಲಿ ಆ ಪಂಚಾಯ್ತಿ ಆಯ್ತಲ್ಲ, ಅದೇ ನನಗೆ ಹೆಚ್ಚು ಉರಿದದ್ದು. 1942ರ ಜುಲೈಯಲ್ಲಿ ನಾಗಪುರದಲ್ಲಿ ದಲಿತ ಹೆಂಗಸರದ್ದೇ ಸಮ್ಮೇಳನ ಆಯ್ತು, ಸಾವಿರಾರು ಹೆಂಗಸರು ಬಂದಿದ್ರು. ಬಾಬಾಸಾಹೇಬರು ಅಲ್ಲಿ ಹೇಳಿದ್ದೇನು? ಮಕ್ಕಳ ಮದುವೆಗೆ ಆತುರ ಬೀಳಬೇಡಿ, ಮದುವೆ ಅನ್ನೋದು ಹೊರೆ. ಮದುವೆ ಆಗೋ ಹುಡುಗಿ ಗಂಡನಿಗೆ ಗೆಳತಿಯಾಗಿ ಸಮಸಮ ನಿಲ್ಲಬೇಕು, ಗುಲಾಮಳಾಗೋದಕ್ಕೆ ಒಪ್ಪಬಾರದು. ಇದು ಅವರ ಮಾತಿನ ತಾತ್ಪರ್ಯ. ಆ ಭಾಷಣ ನಮ್ಮ ಏಪ್ರಿಲ್ 14ರ ಫ್ಲೆಕ್ಸಲ್ಲಿ ಯಾವತ್ತಾದ್ರೂ ನೋಡಿದ್ದೀರಾ? ಅದಕ್ಕೂ ಮೊದಲು, 1855ರಲ್ಲಿ, ಪುಣೆಯ ಫುಲೆ ದಂಪತಿ ಶಾಲೆಯಲ್ಲಿ ಓದ್ತಿದ್ದ ಮಾಂಗ್ ಹುಡುಗಿ ಮುಕ್ತಾ ಸಾಳ್ವೆ ಪತ್ರಿಕೆಗೆ ಪ್ರಬಂಧ ಬರೆದಳು. ನಮಗೆ ಯಾವ ಧರ್ಮ ಇದೆ ಅಂತ ಬ್ರಾಹ್ಮಣರನ್ನೇ ಕೇಳಿದಳು. ಹೆರಿಗೆ ಆಗೋ ನಮ್ಮ ಹೆಂಗಸರ ತಲೆ ಮೇಲೆ ಸೂರಿಲ್ಲ ಅಂತ ಬರೆದಳು. ವಯಸ್ಸು ಹದಿನಾಲ್ಕರ ಹತ್ತಿರ. ಹದಿಹರೆಯದ ದಲಿತ ಹುಡುಗಿ ಅಂದ್ರೆ ನನಗೆ ಮೊದಲು ನೆನಪಾಗೋದು ಅವಳು. ಅವತ್ತು ಯಾರಾದ್ರೂ ಯಜಮಾನರು ಕೂತು ಮುಕ್ತಾಳ ಶಾಲೆ ಬಿಡಿಸಿದ್ರೆ ಏನಾಗ್ತಿತ್ತು?

ಒಂದು ತಮಾಷೆ ಹೇಳ್ತೀನಿ. ಹುಡುಗಿ ಮೈನೆರೆದ ದಿನ ನಾವು ಇಡೀ ಊರಿಗೆ ಹೇಳ್ತೀವಿ. ಸೋದರಮಾವ ಸೊಪ್ಪು ತಂದು ಗುಡ್ಲು ಹಾಕ್ತಾನೆ, ಒಸಗೆ ಮಾಡ್ತೀವಿ, ಚಿಗಳಿ ಕೊಬ್ಬರಿ ತಿನ್ನಿಸ್ತೀವಿ, ಈಗ ಶಾಮಿಯಾನ ಹಾಕಿ ಫೋಟೋಗ್ರಾಫರ್ ಕರೆಸ್ತೀವಿ. ದೊಡ್ಡವಳಾದ್ಲು, ದೊಡ್ಡವಳಾದ್ಲು ಅಂತ ಹಾಡ್ತೀವಿ. ಒಂಬತ್ತನೇ ಕ್ಲಾಸಿನ ಮಗು ನಾಚಿಕೆಯಲ್ಲಿ ಮುದುಡಿ ಕೂತಿರುತ್ತೆ, ಅದರ ಮುಂದೆ ಕೇರಿಯೆಲ್ಲ ಊಟ ಮಾಡುತ್ತೆ. ಅವಳು ನಿಜವಾಗಿ ದೊಡ್ಡವಳಾಗಿ ಒಂದು ಮಾತಾಡಿದ ದಿನ ಮಾತ್ರ "ನೀನಿನ್ನೂ ಚಿಕ್ಕವಳು, ಬಾಯ್ಮುಚ್ಚು."

ನನ್ನ ಮಗಳಿಗೂ ಈಗ ಹದಿನಾರು. ಅವಳ ಹತ್ರ ಎಲ್ಲ ಮಾತಾಡ್ತೀನಿ ಅಂತ ಬೀಗೋಕೆ ನಾನು ಬರೀತಿಲ್ಲ. ಎಷ್ಟೋ ಅವಳು ಹೇಳಲ್ಲ, ಎಷ್ಟೋ ನಾನು ಕೇಳಲ್ಲ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಇಲ್ಲ, ಫ್ರೆಂಡ್ಸ್ ಜೊತೆ ಮೈಸೂರಿಗೆ ಹೋಗಿ ಬರ್ತಾಳೆ. ದಸರಾ ವಸ್ತುಪ್ರದರ್ಶನ ಅಂತ ಹೋದೋಳು ಇನ್ನೆಲ್ಲಿಗೆ ಹೋದ್ಲೋ ನನಗೇನು ಗೊತ್ತು. ಬಂದಾಗ ಮುಖ ಅರಳಿತ್ತು. ನಮ್ಮವ್ವನ ಕಾಲದಲ್ಲಿ ಕಪಿಲಾ ಹೊಳೆ ದಾಟಬೇಕು ಅಂದ್ರೆ ಯಾರದೋ ಹೆರಿಗೆಯೋ ಸಾವೋ ಆಗಬೇಕಿತ್ತು. ಸುಮ್ಮನೆ ಹೋಗಿ ಸುಮ್ಮನೆ ಬರೋದು ಅನ್ನೋದು ನಮ್ಮ ಮನೆ ಹೆಣ್ಣುಗಳಿಗೆ ಮೂರು ತಲೆಮಾರಿಗೆ ಮೊದಲ ಸಲ ಸಿಕ್ಕಿದೆ.

ಈಗ ಆಗಬೇಕಾದ ಕೆಲಸ. ಆ ಹುಡುಗಿ ಪರೀಕ್ಷೆ ಬರೀಬೇಕು. ಹಾಲ್ ಟಿಕೆಟ್ ಬರೋದರೊಳಗೆ ಅವಳು ಮತ್ತೆ ಕ್ಲಾಸಲ್ಲಿ ಕೂತಿರಬೇಕು. ಹಾಜರಾತಿ ಕಮ್ಮಿ ಆದ್ರೆ ಪ್ರಿನ್ಸಿಪಾಲರ ಹತ್ರ ಮಾತಾಡೋಕೆ ನಾವು ಮೂರು ಜನ ಹೆಂಗಸರು ಹೋಗ್ತೀವಿ. ಅವತ್ತು ಪಂಚಾಯ್ತಿಯಲ್ಲಿ ಕೂತಿದ್ದ ನಮ್ಮ ಇಬ್ಬರು ಅಣ್ಣಂದಿರೇ ಆ ಅಪ್ಪನ ಮನೆಗೆ ಮತ್ತೆ ಹೋಗಿ, ನಾವು ಆಡಿದ ಮಾತು ವಾಪಸ್ಸು ತಗೊಂಡ್ವಿ ಅಂತ ಹೇಳಬೇಕು. ನಾನು ಹೇಳಿದ್ರೆ ಅವರು ಕೇಳಲ್ಲ, ಗಂಡಸರು ಹೇಳಿದ್ರೆ ಕೇಳ್ತಾರೆ, ನಿಮಗೂ ಗೊತ್ತು. ಗಂಡು ನೋಡೋದು ಮುಂದುವರಿದ್ರೆ 1098ಕ್ಕೆ ಫೋನ್ ಮಾಡೋದು ನಾನೇ. ಸಿಡಿಪಿಓ ಆಫೀಸಿಗೆ ಅರ್ಜಿ ಬರೆದು ಇಟ್ಟಿದ್ದೀನಿ. ಆ ತಾಯಿಯ ಮೇಲೆ ಇನ್ನು ಒಂದು ಮಾತೂ ಬರಕೂಡದು.

ಮತ್ತೆ, ಸಿನಿಮಾ ತೋರಿಸೋದು ನಿಲ್ಲಿಸಲ್ಲ. ಮುಂದಿನ ತಿಂಗಳು 'ಗೆಜ್ಜೆಪೂಜೆ' ಹಾಕ್ತಿದ್ದೀವಿ, ಹಳೇ ಸಿನಿಮಾ, ಯಾರಿಗೂ ತಕರಾರು ಇರಲ್ಲ ಅಂದುಕೊಂಡಿದ್ದೀನಿ. ಅದರ ಮುಂದಿನ ತಿಂಗಳು 'ಹದಿನೇಳೆಂಟು'. ಪ್ರೊಜೆಕ್ಟರ್ ಇದೆ, ಸ್ಪೀಕರ್ ಬೇಕು. ಯಾರ ಹತ್ರ ಇದ್ರೂ ಇನ್‌ಬಾಕ್ಸಿಗೆ ಬನ್ನಿ. ತಾಯಂದಿರು ಮುಂದೆ, ಹುಡುಗೀರು ಅವರ ಪಕ್ಕದಲ್ಲಿ. ಗಂಡಸರೂ ಬರಬಹುದು, ಹಿಂದೆ ಚಾಪೆ ಹಾಕಿರ್ತೀವಿ. ಹೆಂಗಸರು ಮಾತಾಡಿ ಮುಗಿಸೋವರೆಗೂ ಬಾಯಿ ತೆಗೀಬಾರದು, ಅಷ್ಟೇ ಷರತ್ತು. ಜೈಭೀಮ್.